ನಾಲ್ಕು ಅಡಿ ಎಂದು ನಾನೇ ಹೇಳಿದ್ದೆ

ಹನುಮಂತಪ್ಪ ಕಾಕಾ, ಆ ದಿನ ನಿಮ್ಮ ಫೋನ್ ಬಂದಿತ್ತು. ಬಂದಿಲ್ಲ ಎಂದು ನಾನು ಸುಳ್ಳು ಹೇಳಿದೆ.

ನೀವು ಗೊರೇಬಾಳದ ಕಾಲುವೆಯ ಗೇಟು ಕಾಯುವ ಗ್ಯಾಂಗ್‌ಮನ್, ನಾನು ಸಿಂಧನೂರಿನ ನೀರಾವರಿ ಕಚೇರಿಯಲ್ಲಿ ಗುತ್ತಿಗೆ ಆಪರೇಟರ್. ಕಾಲುವೆಯ ನೀರಿನ ಮಟ್ಟ ವೈರಿನಲ್ಲಿ ಬಂದು ನನ್ನ ಕಂಪ್ಯೂಟರಿನಲ್ಲಿ ಕಾಣುತ್ತಿತ್ತು. ಕರೆಂಟು ಹೋಗಿ ಬಂದರೆ ಸಂಪರ್ಕ ಕಡಿಯುತ್ತಿತ್ತು. ಕಂಪ್ಯೂಟರ್ ಅದನ್ನು ತಾನಾಗಿ ಮತ್ತೆ ಹಿಡಿಯುತ್ತಿರಲಿಲ್ಲ — ನಾನೇ ಜೋಡಿಸಬೇಕಿತ್ತು. ಅಲ್ಲಿಯವರೆಗೆ ಪರದೆಯ ಮೇಲೆ ಹಳೆಯ ಅಂಕಿಯೇ ನಿಂತಿರುತ್ತಿತ್ತು.

ತಾನಾಗಿ ಜೋಡಿಸಿಕೊಳ್ಳುವಂತೆ ಮಾಡುವುದು ನನಗೆ ಗೊತ್ತಿತ್ತು. ಲಿಂಗಸುಗೂರಿನಲ್ಲಿ ಕಲಿತಿದ್ದೆ, ಹತ್ತು ನಿಮಿಷದ ಕೆಲಸ. ಮಾಡಲಿಲ್ಲ. ಯಂತ್ರ ತಾನೇ ಸರಿಹೋದರೆ ಗುತ್ತಿಗೆಯವನು ಯಾರಿಗೆ ಬೇಕು — ಅಷ್ಟೇ, ಅಷ್ಟೇ ಸಣ್ಣ ಲೆಕ್ಕಾಚಾರ ನನ್ನದು.

ಆ ದಿನ ಮಧ್ಯಾಹ್ನ ನಾನು ಮಸ್ಕಿಯ ಬಸ್ಸಿಗೆ ಅವಸರದಲ್ಲಿದ್ದೆ. ನೀವು ಫೋನ್ ಮಾಡಿದಿರಿ.

"ತಮ್ಮಾ, ನೀರು ದಂಡಿ ಮುಟ್ಟಾಕತ್ತೈತಿ. ಕಂಪ್ಯೂಟರ್‌ನ್ಯಾಗ ಎಷ್ಟ ಐತಿ ನೋಡಿ ಹೇಳಪಾ. ನೀ ಹೂಂ ಅಂದ್ರ ಗೇಟ್ ಇಳಸ್ತೀನಿ."

ಕಚೇರಿಯಿಂದ ಅಂಕಿ ಹೇಳದೆ ಗೇಟು ಮುಟ್ಟುವಂತಿರಲಿಲ್ಲ. ಮೂವತ್ತು ವರ್ಷ ನೀವು ಆ ಕಟ್ಟಳೆ ಮೀರಿದವರಲ್ಲ. ಪರದೆ ನೋಡಿದೆ. ನಾಲ್ಕು ಅಡಿ. ಬೆಳಗಿನಿಂದಲೂ ನಾಲ್ಕೇ ಅಡಿ. ಹರಿಯುವ ನೀರು ಹಾಗೆ ಒಂದೇ ಅಂಕಿಯಲ್ಲಿ ನಿಲ್ಲುವುದಿಲ್ಲ ಎಂದು ನನಗೆ ಗೊತ್ತಿತ್ತು, ಕಾಕಾ. ಮತ್ತೆ ಜೋಡಿಸಿ ನೋಡಬೇಕಿತ್ತು. ಆದರೂ —

"ನಾಲ್ಕ ಅಡಿ ಐತಿ ಕಾಕಾ. ಗೇಟ್ ಮುಟ್ಟಬ್ಯಾಡ್ರಿ."

ನಾನು ಮಸ್ಕಿ ತಲುಪುವ ಮೊದಲೇ ದಂಡೆ ಒಡೆದಿತ್ತು. ನಾಟಿ ಮಾಡಿದ ಗದ್ದೆಗಳೆಲ್ಲ ಕೆಸರಾಗಿದ್ದವು. ಮಣ್ಣಿನ ಚೀಲ ಒಡ್ಡಲು ಹೋಗಿ ನಿಮ್ಮ ಕಾಲು ಮುರಿದಿತ್ತು.

ವಿಚಾರಣೆಯಲ್ಲಿ ನೀವು ನನ್ನ ಹೆಸರು ಹೇಳಿದಿರಿ. ನಮ್ಮ ಕಚೇರಿಯ ಸಾಹೇಬರು ನನ್ನತ್ತ ತಿರುಗಿದರು. "ಫೋನ್ ಬಂದಿಲ್ರಿ" ಎಂದೆ. ಎರಡೇ ಮಾತು. ಯಾರೂ ಫೋನ್ ತೆಗೆದು ನೋಡಲಿಲ್ಲ. ಮೂವತ್ತು ವರ್ಷವಾದರೂ ಹಂಗಾಮಿಯಾಗಿಯೇ ಉಳಿದ ಗ್ಯಾಂಗ್‌ಮನ್ನನ ಮಾತಿಗೆ ಬೆಲೆ ಎಲ್ಲಿಯದು? ಕುಡಿದು ಮಲಗಿದ್ದ ಎಂದು ಬರೆದರು, ಕೆಲಸದಿಂದ ತೆಗೆದರು. ಹನಿ ಮುಟ್ಟದ ನಿಮ್ಮನ್ನು ಊರು ಇಂದಿಗೂ ಕುಡುಕ ಎನ್ನುತ್ತದೆ.

ಮರುವಾರವೇ ಆ ಹತ್ತು ನಿಮಿಷದ ಕೆಲಸ ಮಾಡಿದೆ. ಈಗ ಸಂಪರ್ಕ ಕಡಿದರೂ ಕಂಪ್ಯೂಟರ್ ತಾನಾಗಿ ಹಿಡಿಯುತ್ತದೆ. ಸಾಹೇಬರು ನನ್ನನ್ನು ಹೊಗಳಿದರು, ನಾನು ನಕ್ಕೆ. ಅಂದಿನಿಂದ ಮಧ್ಯಾಹ್ನ ಫೋನ್ ಸದ್ದಾದರೆ ಮೊದಲು ಪರದೆಯ ಅಂಕಿ ನೋಡಿಯೇ ಎತ್ತುತ್ತೇನೆ.

ಮೊನ್ನೆ ಜವಳಗೇರಾ ಬಸ್‌ಸ್ಟ್ಯಾಂಡಿನಲ್ಲಿ ಕೋಲೂರಿಕೊಂಡು ನೀವೇ ಹತ್ತಿರ ಬಂದಿರಿ. ಬೈಯುತ್ತೀರಿ ಎಂದುಕೊಂಡೆ. ಬೈದಿದ್ದರೆ ಬದುಕುತ್ತಿದ್ದೆ.

"ನೌಕರಿ ಉಳೀತಿಲ್ಲೋ ತಮ್ಮಾ?" ಎಂದಿರಿ. "ಉಳೀಲಿ ಬಿಡು. ಮಕ್ಕಳಿರೋ ಮನಿ."

ನಿಮಗೆ ಮೊದಲಿನಿಂದಲೂ ಎಲ್ಲ ಅರ್ಥವಾಗಿತ್ತು.

ನಡೆದದ್ದನ್ನೆಲ್ಲ ಬರೆದು ಸಹಿ ಹಾಕಿದ್ದೇನೆ. ನಾಳೆ ಸಾಹೇಬರ ಮೇಜಿನ ಮೇಲೆ ಇಡುತ್ತೇನೆ. ಆಮೇಲೆ ಗೊರೇಬಾಳಕ್ಕೆ ಬಂದು, ನಿಮ್ಮ ಓಣಿಯ ಜನರೆಲ್ಲ ಕೇಳುವಂತೆ ಅದನ್ನೇ ಓದುತ್ತೇನೆ. ಕ್ಷಮೆ ಕೇಳುವ ಸಾಲನ್ನು ಅದರಲ್ಲಿ ಬರೆದಿಲ್ಲ.