ರಜೆಗೆ ಬಂದವರು ಪಪ್ಪನೇ ಹೌದಾ?

ಇವತ್ತು ಕೊಟ್ಟಾರದ ಗುಜರಿ ಅಂಗಡಿಯಲ್ಲಿ ಹಳೇ ಪತ್ತೇದಾರಿ ಕಾದಂಬರಿಗಳ ಕಟ್ಟೊಂದು ಕಂಡಿತು. ಆ ಮುಗ್ಗಲು ವಾಸನೆಗೇ ಒಂದು ಹೆಜ್ಜೆ ಹಿಂದೆ ಸರಿದೆ.

ಐದನೇ ಕ್ಲಾಸಿನಲ್ಲಿದ್ದಾಗ ಅಂಥದ್ದೊಂದನ್ನು ಕದ್ದು ಓದಿದ್ದೆ. ಪ್ರಯೋಗಾಲಯದಿಂದ ತಪ್ಪಿಸಿಕೊಂಡ ರಾಕ್ಷಸ ಪ್ರಾಣಿಯೊಂದು ಮನುಷ್ಯರನ್ನು ಕೊಂದು, ಅವರದೇ ರೂಪದಲ್ಲಿ ಅವರ ಮನೆಗೆ ಬರುತ್ತದೆ. ಮನೆಯ ಸಂಗತಿ ಮಾತ್ರ ಅದಕ್ಕೆ ಗೊತ್ತಿರುವುದಿಲ್ಲ. ಇನ್‌ಸ್ಪೆಕ್ಟರ್ ಪ್ರಶ್ನೆ ಕೇಳಿಯೇ ಅದನ್ನು ಹಿಡಿಯುತ್ತಾನೆ.

ಅದೇ ವಾರ ಪಪ್ಪ ಮೂರು ವರ್ಷದ ನಂತರ ಗಲ್ಫ್‌ನಿಂದ ರಜೆಗೆ ಬಂದರು. ಮೀಸೆ ಇರಲಿಲ್ಲ. ಮೈಯೆಲ್ಲ ಸೆಂಟಿನ ವಾಸನೆ. ಚಾಕಲೇಟು ಹಿಡಿದು ಕರೆದರು. ನಾನು ದೂರದಿಂದಲೇ ಕೇಳಿದೆ, "ನಾನು ಎಷ್ಟನೇ ಕ್ಲಾಸು?"

"ಮೂರನೇದಲ್ವಾ ಪುತಾ?"

ಉತ್ತರ ತಪ್ಪು. ಅಡುಗೆಮನೆಗೆ ಓಡಿ, "ಅದು ಪಪ್ಪ ಅಲ್ಲ" ಎಂದೆ.

ಮೀನು ಕೊಯ್ಯುತ್ತಿದ್ದ ಮಮ್ಮಿ ನಕ್ಕರು. "ಹಾಗಾದ್ರೆ ಏರ್‌ಪೋರ್ಟಿಂದ ನಾನು ಯಾರನ್ನ ಕರ್ಕೊಂಡು ಬಂದದ್ದು? ಎಂತ ಮಾರಾಯ್ತಿ ನಿಂದು."

ಮಮ್ಮಿಗೂ ಗೊತ್ತುಂಟು, ಮುಚ್ಚಿಡುತ್ತಿದ್ದಾರೆ ಎಂದುಕೊಂಡೆ.

ಆ ಇಡೀ ತಿಂಗಳು ಅವರು ಕೊಟ್ಟದ್ದನ್ನು ತಿನ್ನಲಿಲ್ಲ, ಪಕ್ಕದಲ್ಲಿ ಕೂರಲಿಲ್ಲ. ಹೊರಡುವ ದಿನ ಅವರು ಕೈ ಚಾಚಿದಾಗ ಮಮ್ಮಿಯ ಬೆನ್ನ ಹಿಂದೆ ಅಡಗಿದೆ. ಸ್ವಲ್ಪ ಹೊತ್ತು ಕಾದು, ಅದೇ ಕೈಯಿಂದ ಪೆಟ್ಟಿಗೆ ಎತ್ತಿಕೊಂಡು ಹೋದರು.

ಪಪ್ಪ ಈಗ ಕಾವೂರಿನಲ್ಲಿ ನಮ್ಮ ಜೊತೆಗೇ ಇದ್ದಾರೆ. ನಾನು ಆಗ ಹತ್ತಿರ ಯಾಕೆ ಬರಲಿಲ್ಲವೆಂದು ಒಮ್ಮೆಯೂ ಕೇಳಿಲ್ಲ. ಮಗಳಿಗೆ ತಾನು ಬೇಡವಾದೆ ಎಂದುಕೊಂಡೇ ಅವತ್ತು ವಿಮಾನ ಹತ್ತಿದರೋ ಏನೋ. ಕೇಳಿ ನೋಡಲು ನನಗೆ ಈಗಲೂ ಹೆದರಿಕೆ.