ಮಕ್ಕಳು ಒರಗುವ ಗೋಡೆ

ನಮ್ಮನೆಯವರು ಬಣ್ಣ ಬಳಿಯುವವರು. ಸುತ್ತಲಿನ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೆಲ್ಲ ಸುಣ್ಣ ಹೊಡೆದವರು, ಗೋಡೆ ಮೇಲೆ ಅಕ್ಷರ, ಚಿತ್ರ ಬರೆದವರು ಅವರೇ. ನಾನು ಎರಡನೇ ಕ್ಲಾಸಿಗೆ ಬಿಟ್ಟೆ. ಅವರು ನಾಲ್ಕು ಓದಿದ್ದರು. ಆ ನಾಲ್ಕರ ಜಂಬ ಕಡಿಮೆಯದೇನಲ್ಲ.

ಕೆರೆ ಶಾಲೆಯಲ್ಲಿ ಒಮ್ಮೆ ಆನೆ ಬರೆದು ಅದರ ಕೆಳಗೆ ‘ಅನೆ’ ಎಂದು ಬರೆದುಬಿಟ್ಟರು. ಹೆಡ್‌ಮೇಷ್ಟ್ರು ಕರೆದು, “ಏನಪ್ಪಾ, ನಿನ್ನ ಅಕ್ಷರಕ್ಕೆ ಸೊಂಡಿಲೇ ಇಲ್ವಲ್ಲ?” ಅಂದರಂತೆ.

“ಇನ್ನೂ ಮರಿ ಸಾರ್ ಅದು. ನಾಳೆ ಬೆಳೆಯುತ್ತೆ.”

ಮಾರನೇ ದಿನ ಹೋಗಿ ಸೊಂಡಿಲು ಎಳೆದು ಬಂದರು. ನನಗೆ ಹೇಳಿಕೊಂಡು ಒಬ್ಬರೇ ನಕ್ಕರು.

ಯಾವ ಶಾಲೆ ಒಳ್ಳೆಯದು ಎಂದು ಯಾರಾದರೂ ಕೇಳಿದರೆ ಅವರದು ಒಂದೇ ಮಾತು. “ಗೋಡೆ ನೋಡ್ರಿ. ಮಕ್ಕಳು ಒರಗೋವಷ್ಟು ಎತ್ತರಕ್ಕೆ ಕಪ್ಪಾಗಿರ್ಬೇಕು.”

“ಮತ್ತೆ ನೀವು ಬರೆದದ್ದು ಹಾಳಾಗಲ್ವಾ?” ಎಂದರೆ, “ಹಾಳಾದ್ರೆ ತಾನೇ ಮತ್ತೆ ಕರೆಯೋದು? ಇಲ್ದಿದ್ರೆ ನಿನ್ನ ಹೊಟ್ಟೆಗೆ ಏನು ಹಾಕ್ಲೇ?” ಎನ್ನುತ್ತಿದ್ದರು.

ಕಳೆದ ವರ್ಷ ಎದೆ ಹಿಡಿಯಿತು ಎಂದು ಕೂತರು. ಏಳಲಿಲ್ಲ.

ಮಗಳು ಪಟ್ಟಣದ ಬಟ್ಟೆ ಕಾರ್ಖಾನೆಯಲ್ಲಿ ಹೊಲಿಯುತ್ತಾಳೆ. ಅವಳ ಕೂಸು ಹಾಲು ಬಿಟ್ಟಾಗಿನಿಂದ ನಮ್ಮ ಬಳಿಯೇ. ಈ ವರ್ಷ ಒಂದನೇ ಕ್ಲಾಸು. “ಎಲ್ಲಾ ನೋಡಿ ಸೇರಿಸಮ್ಮ, ಎಲ್ಲಿ ಚೆನ್ನಾಗಿದ್ಯೋ ಅಲ್ಲಿ” ಎಂದು ಫೋನಿನಲ್ಲಿ ಹೇಳಿದಳು.

ಕೆರೆ ಶಾಲೆ ನಮ್ಮ ಹಿತ್ತಿಲ ಹಿಂದೆ. ಸಂತೆ ಶಾಲೆ ದೂರ. ಬೆಳಗಿನ ಗಂಟೆಗೆ ಸರಿಯಾಗಿ ಬಸ್ಸಿಲ್ಲ. ಅಲ್ಲಿ ನಾದಿನಿಯ ಮನೆ ಇದೆ, ಕೂಸು ಅಲ್ಲೇ ಇರಬೇಕಾಗುತ್ತದೆ. ಕೆರೆ ಶಾಲೆಯಾದರೆ ಕೂಸು ನನ್ನ ಪಕ್ಕ ಮಲಗುತ್ತದೆ. ಸಂತೆ ಶಾಲೆಯಾದರೆ ನಾನೊಬ್ಬಳೇ. ಇಷ್ಟೇ ವಿಷಯ. ಕೆರೆ ಶಾಲೆಯೇ ಚೆನ್ನಾಗಿರಲಿ ಎಂದುಕೊಂಡೇ ಕೂಸಿನ ಕೈ ಹಿಡಿದು ಹೊರಟೆ.

ಅಲ್ಲಿ ಗೋಡೆ ನೋಡಿ ನಿಂತುಬಿಟ್ಟೆ. ನಿನ್ನೆ ಬರೆದ ಹಾಗಿತ್ತು. ಆನೆ, ಇಲಿ, ಈಶಾನ್ಯ ಎಂದು ಬಾಣದ ಗುರುತು, ಎಲ್ಲ ಹೊಸದು. ‘ಳ’ ಬರೆಯುವಾಗ ಕುಂಚವನ್ನು ಕೊನೆಗೆ ಚೂರು ಮೇಲೆತ್ತುವುದು ಅವರ ಅಭ್ಯಾಸ. ಅದೂ ಹಾಗೇ ಇತ್ತು. ಕೈಯಿಟ್ಟು ನೋಡಿದೆ. ದಿನಾ ಬಂದು ನೋಡಬಹುದಲ್ಲ ಎನಿಸಿತು.

“ಗೋಡೆ ಎಷ್ಟು ಚೆನ್ನಾಗಿ ಇಟ್ಕೊಂಡಿದ್ದೀರಮ್ಮ,” ಎಂದೆ ಟೀಚರಿಗೆ.

“ನಾವೇನು ಇಟ್ಕೊಂಡಿಲ್ಲ ಅಜ್ಜಿ. ಮುಟ್ಟೋಕೆ ಮಕ್ಕಳೆಲ್ಲಿ?”

ಬಾಗಿಲಲ್ಲಿ ಇಣುಕಿದೆ. ಒಳಗೆ ಎಲ್ಲ ಕ್ಲಾಸಿನವರೂ ಒಂದೇ ಕೋಣೆಯಲ್ಲಿ, ಒಂದೇ ಚಾಪೆಯ ಮೇಲೆ. ಅಷ್ಟಾದರೂ ಚಾಪೆ ತುಂಬಿರಲಿಲ್ಲ.

“ಎಲ್ಲಾ ಕ್ಲಾಸಿಗೂ ನಾನೊಬ್ಬಳೇ,” ಎಂದಳು ಆ ಟೀಚರ್ ಹುಡುಗಿ. “ಮೀಟಿಂಗ್ ಅಂತ ಕರೆದ್ರೆ ಬೀಗ ಹಾಕ್ಕೊಂಡು ಹೋಗ್ತೀನಿ. ಸೇರಿಸಿದ್ರೆ ನನಗೆ ಒಳ್ಳೇದೇ, ಬೇಡ ಅನ್ನಲ್ಲ.”

ಕೂಸು ನನ್ನ ಸೆರಗು ಎಳೆಯಿತು. “ಅಜ್ಜಿ, ಇಲ್ಲಿ ನಾನು ಯಾರ ಜೊತೆ ಆಡೋದು?”

“ನನ್ನ ಜೊತೆ ಆಡು,” ಎಂದೆ.

“ನಿನಗೆ ಓಡೋಕೆ ಬರಲ್ಲ.”

ಹತ್ತಿರದಲ್ಲಿ ಉಳಿದದ್ದು ಗುಡ್ಡದ ಶಾಲೆಯೊಂದು, ಅಲ್ಲಿಗೂ ಹೋದೆವು. ಅಲ್ಲಿ ಅಡುಗೆಯವಳು ಬಿಟ್ಟರೆ ದೊಡ್ಡವರು ಯಾರೂ ಇರಲಿಲ್ಲ. ತಿರುಗಿ ಇಳಿದೆವು.

ಮಾರನೇ ದಿನ ಸಂತೆ ಶಾಲೆ. ಗೇಟಿನಲ್ಲೇ ಗದ್ದಲ ಕೇಳಿತು. ಗೋಡೆ ನೋಡಿದರೆ ಮೊಣಕಾಲಿನಿಂದ ನನ್ನ ಎದೆಯವರೆಗೆ ಕರ್ರಗೆ, ಎಣ್ಣೆ ಜಿಡ್ಡು. ಬೆನ್ನು ಉಜ್ಜಿ ಉಜ್ಜಿ ಅಕ್ಷರಗಳೇ ಹೋಗಿದ್ದವು. ಅವರ ‘ಳ’ ಎಲ್ಲಾದರೂ ಇದೆಯೇ ಎಂದು ಆ ತುದಿಯಿಂದ ಈ ತುದಿಗೆ ಹುಡುಕಿದೆ. ಇರಲಿಲ್ಲ. ಸಿಟ್ಟು ಬಂತು. ಇವಕ್ಕೇನು ನಿಲ್ಲಲು ಬೇರೆ ಜಾಗವಿಲ್ಲವೇ?

ಕ್ಲಾಸಿಗೊಬ್ಬರು ಟೀಚರಿದ್ದರು. ಒಂದನೇ ಕ್ಲಾಸಿನಾಕೆ ಮಕ್ಕಳ ನಡುವೆ ನೆಲದ ಮೇಲೆ ಕೂತು ಹಾಡಿಸುತ್ತಿದ್ದಳು. ಹೆಡ್‌ಮೇಡಂ ಹೊರಗೆ ಬಂದರು. ನಾನು ಗೋಡೆ ನೋಡುತ್ತಿದ್ದುದನ್ನು ಕಂಡು ನಾಚಿಕೊಂಡರು.

“ಯಾರು ಬರೆದಿದ್ರೋ, ಚೆನ್ನಾಗಿತ್ತಮ್ಮ. ಈ ಪಿಶಾಚಿಗಳು ಬಿಡ್ಬೇಕಲ್ಲ. ಈ ಸಲ ಬೇರೆಯವರನ್ನ ಕರೆಸ್ತೀವಿ.”

“ಕರೆಸಿ,” ಎಂದೆ. ಯಾರು ಬರೆದದ್ದೆಂದು ಹೇಳಲಿಲ್ಲ. ಹೇಳಿ ಏನಾಗಬೇಕು?

ಕೂಸು ಎಲ್ಲಿ ಎಂದು ನೋಡಿದೆ. ನನ್ನ ಕೈ ಬಿಟ್ಟು ಎಷ್ಟು ಹೊತ್ತಾಗಿತ್ತೋ. ಗೋಡೆಗೆ ಒರಗಿ ಸಾಲಾಗಿ ನಿಂತ ಹುಡುಗಿಯರ ನಡುವೆ ತೂರಿಕೊಂಡು ಏನೋ ಪಿಸುಗುಡುತ್ತಿತ್ತು. ಕರೆದರೂ ತಿರುಗಲಿಲ್ಲ.

“ಸೇರಿಸ್ಕೊಳ್ಳಿ,” ಎಂದೆ.

ಅದರ ಬಟ್ಟೆಗಂಟು ನಾದಿನಿಯ ಮನೆಯಲ್ಲಿಟ್ಟೆ.

“ಅತ್ತಿಗೆ, ಇವತ್ತೊಂದಿನ ಇಲ್ಲೇ ಇದ್ದುಬಿಡಿ,” ಎಂದಳು ಅವಳು.

“ಕೋಳಿ ಮುಚ್ಚೋರು ಯಾರು?”

“ಕೋಳಿ ಬರೀ ನೆಪ.”

“ನೆಪ ಆದ್ರೂ ಇರ್ಲಿ ಬಿಡೇ. ಅದೂ ಇಲ್ದಿದ್ರೆ ಆ ಮನೆಗೆ ಹೋಗೋದು ಯಾಕೆ?”

ಕೂಸು ಬಾಗಿಲವರೆಗೂ ಬಂತು. ಅಳಲಿಲ್ಲ. ಅತ್ತಿದ್ದರೆ ಕರೆದುಕೊಂಡು ಬಂದುಬಿಡುತ್ತಿದ್ದೆನೋ ಏನೋ.

ಬಸ್ಸಿನಲ್ಲಿ ಸೀಟು ಸಿಕ್ಕಿತು. ಕಿಟಕಿ ಪಕ್ಕ ಜಾಗ ಬಿಟ್ಟೇ ಕೂತೆ. ಕಂಡಕ್ಟರು ಬಂದ.

“ಒಂದೂವರೆ ಕೊಡಪ್ಪ,” ಎಂದೆ.

ಅವನು ಸೀಟು ನೋಡಿದ, ಸೀಟಿನ ಕೆಳಗೂ ಬಗ್ಗಿ ನೋಡಿದ. “ಅರ್ಧ ಎಲ್ಲಮ್ಮ? ಬಚ್ಚಿಟ್ಟಿದ್ದೀರಾ?”

“ಶಾಲೆಗೆ ಹೋಯ್ತು,” ಎಂದೆ. “ಒಂದೇ ಕೊಡು.”