ತುತ್ತು ಇಡದ ತಾರವ್ವ

ತಾರವ್ವ ಎಲ್ಲ ಕೆಲಸ ಮಾಡುತ್ತಾಳೆ. ಹಾಸಿಗೆ ಹಿಡಿದವರ ಹೊಲಸು ತೆಗೆಯುತ್ತಾಳೆ, ಮೈ ಒರೆಸುತ್ತಾಳೆ, ಮಗ್ಗಲು ಹೊರಳಿಸುತ್ತಾಳೆ. ತನಗಿಂತ ಎರಡು ಪಟ್ಟು ಭಾರದ ಗಂಡಸರ ಸೊಂಟಕ್ಕೆ ಪಟ್ಟಿ ಕಟ್ಟಿ, ಎತ್ತಿ ಗಾಲಿಕುರ್ಚಿಯಲ್ಲಿ ಕೂರಿಸುತ್ತಾಳೆ. ಒಂದೇ ಒಂದು ಕೆಲಸ ಮಾಡುವುದಿಲ್ಲ. ಯಾರ ಬಾಯಿಗೂ ತುತ್ತು ಇಡುವುದಿಲ್ಲ.

ಬನಹಟ್ಟಿಯಿಂದ ಜಮಖಂಡಿಗೆ ಹೋಗುವ ದಾರಿಯಲ್ಲಿ, ಕಬ್ಬಿನ ಹೊಲಗಳ ನಡುವೆ ಆ ದವಾಖಾನೆ ಇದೆ. ಬಾಗಿಲ ಮೇಲೆ ಉದ್ದನೆಯ ಹೆಸರು ಬರೆಸಿದ್ದಾರೆ. ಆ ಹೆಸರನ್ನು ಯಾರೂ ಹೇಳುವುದಿಲ್ಲ. ಬಸ್ಸಿನವರು "ಲಕ್ವಾ ದವಾಖಾನಿ ಇಳಿಯೋರು ಮುಂದ ಬರ್ರಿ" ಎಂದು ಕೂಗುತ್ತಾರೆ. ಲಕ್ವಾ ಹೊಡೆದವರು, ಕಬ್ಬಿನ ಟ್ರ್ಯಾಲಿಯಿಂದ ಬಿದ್ದು ಬೆನ್ನು ಮುರಿದುಕೊಂಡವರು, ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾದವರು ಅಲ್ಲಿಗೆ ಬರುತ್ತಾರೆ. ಅಲ್ಲಿ ಔಷಧ ಕಡಿಮೆ, ಕಸರತ್ತು ಹೆಚ್ಚು. ಕೂರುವುದು, ನಿಲ್ಲುವುದು, ಅಂಗಿಯ ಗುಂಡಿ ಹಾಕುವುದು, ಹೀಗೆ ಕೂಸಾಗಿದ್ದಾಗ ಕಲಿತದ್ದನ್ನೆಲ್ಲ ಮತ್ತೆ ಕಲಿಯಬೇಕು. ಕೆಲವರು ಕಲಿತು ಹೋಗುತ್ತಾರೆ. ಕೆಲವರು ಕಲಿಯದೆ ಹೋಗುತ್ತಾರೆ.

ತಾರವ್ವನ ಗಂಡ ಶಿವಯೋಗೆಪ್ಪ ಕಲಿಯದೆ ಹೋದ. ಅವರ ಊರು ಚಿಮ್ಮಡ. ಕಬ್ಬು ಹೇರಿದ ಟ್ರ್ಯಾಲಿಯ ಮೇಲೆ ನಿಂತು ಹಗ್ಗ ಬಿಗಿಯುತ್ತಿದ್ದ. ಹಗ್ಗ ಹರಿಯಿತು, ಹಿಂದಕ್ಕೆ ಬಿದ್ದ. ಕುತ್ತಿಗೆಯ ಕೆಳಗೆ ಏನೂ ಉಳಿಯಲಿಲ್ಲ. ಬಾಯಿಯೊಂದು ಉಳಿಯಿತು. ಆ ಬಾಯಿಗೆ ತಾರವ್ವ ಮೂರು ಹೊತ್ತು ತುತ್ತಿಟ್ಟಳು. ಮೊದಲು ಈ ದವಾಖಾನೆಯಲ್ಲಿ, ಆಮೇಲೆ ಮನೆಯಲ್ಲಿ. ಮಳೆಗಾಲ ಹೋಯಿತು, ಬೇಸಿಗೆ ಹೋಯಿತು, ಮತ್ತೊಂದು ಮಳೆಗಾಲ ಬಂತು. ಬೆನ್ನ ಹುಣ್ಣು ಜ್ವರಕ್ಕೆ ತಿರುಗಿತು. ಒಂದು ಮಧ್ಯಾಹ್ನ ಹಾಲಿನಲ್ಲಿ ನೆನೆಸಿದ ರೊಟ್ಟಿಯ ತುತ್ತು ಇಟ್ಟಳು. ಆತ ನುಂಗಲಿಲ್ಲ. ತುತ್ತು ಗಲ್ಲದೊಳಗೇ ಉಳಿಯಿತು. ಬೆರಳು ಹಾಕಿ ಅದನ್ನು ಹೊರಗೆ ತೆಗೆದವಳೂ ತಾರವ್ವನೇ.

ಮಣ್ಣು ಕೊಟ್ಟು ಬಂದ ಮೇಲೆ ಮನೆಯಲ್ಲಿ ಕೂತಳು. ಕೂತರೆ ಹೊತ್ತು ಹೋಗದು. ದವಾಖಾನೆಯವರು ಕೊಟ್ಟಿದ್ದ ಗಾಳಿ ತುಂಬುವ ಹಾಸಿಗೆ ಇನ್ನೂ ಮನೆಯಲ್ಲಿತ್ತು. ಅದನ್ನು ಮಡಚಿ ತಲೆಯ ಮೇಲೆ ಹೊತ್ತು ಬಸ್ಸು ಹತ್ತಿದಳು. ಅಲ್ಲಿ ಕಸರತ್ತು ಮಾಡಿಸುವ ವೈಶಾಲಿ ಡಾಕ್ಟರು ಹಾಸಿಗೆ ಇಳಿಸಿಕೊಂಡರು. ಚಹಾ ತರಿಸಿದರು. ಆಮೇಲೆ ಕೇಳಿದರು.

"ತಾರವ್ವಾ, ಆಯಾ ಒಬ್ಬಾಕಿ ಬಿಟ್ಟು ಹೋಗ್ಯಾಳ. ನೀ ಇರ್ತಿಯೇನು?"

"ಇರ್ತೇನ್ರಿ. ಎಲ್ಲಾ ಮಾಡ್ತೇನಿ. ತುತ್ತ ಮಾತ್ರ ಇಡಾಂಗಿಲ್ಲ."

ವೈಶಾಲಿ ಯಾಕೆಂದು ಕೇಳಲಿಲ್ಲ.

ಹಾಗೆ ಉಳಿದವಳು ಉಳಿದೇ ಬಿಟ್ಟಳು. ಉಣಿಸುವ ಕೆಲಸ ಬಂದಾಗ ಉಳಿದ ಆಯಾಗಳು ಮಾಡುತ್ತಿದ್ದರು, ಇಲ್ಲವೇ ಮನೆಯವರು ಮಾಡುತ್ತಿದ್ದರು. ಯಾರೂ ಅದನ್ನು ದೊಡ್ಡದು ಮಾಡಲಿಲ್ಲ, ಸಾವಳಗಿಯ ಗಿರಿಮಲ್ಲಪ್ಪ ಬರುವ ತನಕ.

ಗಿರಿಮಲ್ಲಪ್ಪ ಹೊಲ ಮನೆ ಇದ್ದ ಸಾವಕಾರ. ಲಕ್ವಾ ಹೊಡೆದು ಬಲಗೈ ಬಲಗಾಲು ಬಿದ್ದಿದ್ದವು. ಮಾತು ತೊದಲುತ್ತಿತ್ತು, ಬೈಗುಳ ಮಾತ್ರ ಸ್ವಚ್ಛ ಬರುತ್ತಿದ್ದವು. ಕಾಲಿಗೆ ಮೆಲ್ಲಗೆ ಒಂದಿಷ್ಟು ಜೀವ ಬಂತು. ಕೈಗೆ ಬರಲಿಲ್ಲ. ಎಡಗೈಯಿಂದ ಉಣ್ಣಲು ಕಲಿಯಿರಿ ಎಂದು ವೈಶಾಲಿ ಹೇಳಿದರೆ ಮುಖ ಗೋಡೆಗೆ ತಿರುಗಿಸುತ್ತಿದ್ದ.

"ತೊಳಕೊಳ್ಳೂ ಕೈ ಅದು. ಬಾಯಿಗಿ ಹಾಕ್ಲ್ಯಾ?"

"ಚಮಚಾ ಕೊಡ್ತೇನ್ರಿ ಕಾಕಾ."

"ನಾ ಏನ್ ಕೂಸೇನು?"

ಕೂಸಿನಂತೆಯೇ ಹೆಂಡತಿ ಗಂಗಾಂಬಿಕಾ ಉಣಿಸುತ್ತಿದ್ದಳು. ಪರದೆ ಎಳೆದು, ಹಾಸಿಗೆಯ ಅಂಚಿಗೆ ಕೂತು, ರೊಟ್ಟಿ ಮುರಿದು, ಬೇಳೆಯಲ್ಲಿ ಕಲಸಿ ಒಂದೊಂದೇ ತುತ್ತು. ಬೇರೆ ಯಾರ ಕೈಯಿಂದಲೂ ಆತ ಬಾಯಿ ತೆರೆಯುತ್ತಿರಲಿಲ್ಲ. ನೀವು ಉಣಿಸಿದಷ್ಟು ದಿನ ಅವರ ಕೈ ಕಲಿಯುವುದಿಲ್ಲ ಎಂದು ವೈಶಾಲಿ ಹೇಳಿದರು. ಗಂಗಾಂಬಿಕಾ ತಲೆಯಾಡಿಸಿದಳು, ಪರದೆ ಎಳೆದಳು. ಗಂಡ ಹಸಿದು ಕೂತಿರುವಾಗ ಹೆಂಡತಿ ಕೈಕಟ್ಟಿ ನೋಡುವುದು ಹೇಗೆ? ನಮ್ಮ ಕಡೆ ಅಂಥ ಹೆಂಗಸು ಹುಟ್ಟಿಲ್ಲ.

ಆ ದವಾಖಾನೆಯಲ್ಲಿ ಒಂದು ರೂಢಿ ಇದೆ. ಮಧ್ಯಾಹ್ನದ ಊಟ ಎಲ್ಲರೂ ಕೂಡಿಯೇ ಮಾಡಬೇಕು. ಗಾಲಿಕುರ್ಚಿಯವರು, ಕೋಲಿನವರು, ಮಂಚ ತಳ್ಳಿಸಿಕೊಂಡು ಬರುವವರು, ಎಲ್ಲರೂ ದೊಡ್ಡ ಪಡಸಾಲೆಗೆ ಬರಬೇಕು. ಮಠದ ಪಂಕ್ತಿಯ ಹಾಗೆ, ಕಡೆಯವನ ತಾಟು ಖಾಲಿಯಾಗುವ ತನಕ ಯಾರೂ ಏಳುವಂತಿಲ್ಲ. ಗಿರಿಮಲ್ಲಪ್ಪ ಒಂದು ದಿನವೂ ಪಂಕ್ತಿಗೆ ಬಂದಿರಲಿಲ್ಲ. ರಬಕವಿಯ ನೇಕಾರ ಕಾಶಪ್ಪ, ಸೊಂಟದ ಕೆಳಗೆ ಸ್ವಾಧೀನವಿಲ್ಲದವನು, ಗಾಲಿಕುರ್ಚಿ ಉರುಳಿಸಿಕೊಂಡು ಹೋಗುವಾಗ ಪರದೆಯ ಆಚೆ ನಿಂತು ಕೆಣಕುತ್ತಿದ್ದ.

"ಸಾವಕಾರ್ರ, ಲಾಳಿ ಬಲಕ್ಕ ಹೋದ್ರ ಎಡಕ್ಕೂ ಬರಬೇಕ್ರಿ. ಬಲಕ್ಕ ಅಷ್ಟ ಹೊಡದ್ರ ಸೀರಿ ಆಗೂದಿಲ್ಲ."

"ಸೀರಿ ಉಣ್ಣಾಂಗಿಲ್ಲಲೇ ಕಾಶ್ಯಾ. ನಡಿ."

ಗಿರಿಮಲ್ಲಪ್ಪ, ಗಂಗಾಂಬಿಕಾ ಅವರ ಮಗಳು ಐಶ್ವರ್ಯ. ಅನಗವಾಡಿಗೆ ಕೊಟ್ಟಿದ್ದರು. ಚೊಚ್ಚಿಲ ಹೆರಿಗೆಗೆ ತವರಿಗೆ ಬಂದಿದ್ದಳು. ಬಾಣಂತನ ತಾಯಿಯೇ ಮಾಡಬೇಕು. ಮನೆಯಲ್ಲಿ ಬೇರೆ ಹೆಂಗಸಿಲ್ಲ. ಗಂಗಾಂಬಿಕಾ ಇಲ್ಲಿ ಗಂಡನ ಬಾಯಿಗೆ ಕಟ್ಟುಬಿದ್ದು ಕೂತಿದ್ದಳು, ಅಲ್ಲಿ ಮಗಳ ದಿನ ತುಂಬಿದ್ದವು. ಒಂದು ಸಂಜೆ ಫೋನು ಬಂತು. ನೋವು ಎದ್ದಿದೆ, ಜಮಖಂಡಿಯ ದವಾಖಾನೆಗೆ ಕರೆದೊಯ್ದಿದ್ದಾರೆ.

ಗಂಗಾಂಬಿಕಾ ಸೀರೆಯ ನೆರಿಗೆ ಸರಿಮಾಡಿಕೊಳ್ಳುತ್ತಲೇ ತಾರವ್ವನ ಬಳಿ ಬಂದಳು.

"ಯಕ್ಕಾ, ಇವರು ಬ್ಯಾರೆಯವರ ಕೈಲೆ ಉಣ್ಣಾಂಗಿಲ್ಲ. ನೀ ಅಂದ್ರ ಒಂದೀಟ ಅಂಜತಾರ. ನಾಕ್ ತುತ್ತ ಇಡ."

"ಆಗೂದಿಲ್ಲ ತಂಗಿ."

"ನಾಕ್ ತುತ್ತ ಯಕ್ಕಾ!"

"ಮೈ ತೊಳಸ್ತೇನಿ. ಒಯ್ದು ತಿರುಗಾಡಸ್ತೇನಿ. ಅದೊಂದ ಕೇಳಬ್ಯಾಡ."

ಗಂಗಾಂಬಿಕಾ ಅವಳನ್ನೇ ನೋಡಿದಳು. "ನಿನಗ ಎದಿ ಅನ್ನೂದು ಐತೇನ? ಇವರು ಉಪಾಸ ಬಿದ್ರ ನಾಳೆ ಮಧ್ಯಾಹ್ನದ ಬಸ್ಸಿಗೆ ಹೊಳ್ಳಿ ಬರ್ತೇನಿ. ಹಸಿ ಬಾಣಂತಿನ್ನ ಬಿಟ್ಟು ಬರ್ತೇನಿ. ಆ ಪಾಪ ನಿನಗಿರ್ಲಿ."

ಬೈದು ಹೋದಳು. ತಾರವ್ವನಿಗೆ ಬೈಸಿಕೊಳ್ಳುವುದು ಹೊಸದಲ್ಲ. ದಣಿದವರ ಬಾಯಲ್ಲಿ ಬೈಗುಳವೇ ಬರುತ್ತದೆ.

ಆ ಸಂಜೆ ಗಿರಿಮಲ್ಲಪ್ಪ ಉಣ್ಣಲಿಲ್ಲ. ಇನ್ನೊಬ್ಬ ಆಯಾ ತುತ್ತು ಹಿಡಿದರೆ ಹಲ್ಲು ಕಚ್ಚಿ ಕೂತ. ತಾರವ್ವ ಬಾಗಿಲಲ್ಲಿ ನಿಂತು ನೋಡಿದಳು. ನಾಲ್ಕೇ ತುತ್ತು. ಒಳಗೆ ಬಂದು ತಾಟು ಕೈಗೆ ತೆಗೆದುಕೊಂಡಳು. ರೊಟ್ಟಿಯ ಚೂರಿಗೆ ಬೆರಳು ತಾಗಿತು. ಬೆರಳು ಅಲ್ಲಿಂದ ಮೇಲೇಳಲಿಲ್ಲ. ತಾಟು ಕೆಳಗಿಟ್ಟು ಹೋದಳು.

ಬೆಳಿಗ್ಗೆ ಮೈ ತೊಳೆಸಿ, ಮಡಿಯ ಧೋತರ ಸುತ್ತಿ, ಕುರ್ಚಿಯಲ್ಲಿ ಕೂರಿಸಿದಳು. ಆಗ ಇಬ್ಬರಿಗೂ ಒಮ್ಮೆಲೇ ಹೊಳೆಯಿತು. ಲಿಂಗಪೂಜೆ.

ಪೂಜೆಯಾಗದೆ ಬಾಯಿಗೆ ನೀರೂ ಹಾಕದ ಮನುಷ್ಯ ಆತ. ಕೊರಳಲ್ಲಿ ಬೆಳ್ಳಿಯ ಕರಡಿಗೆ, ಅದರೊಳಗೆ ಲಿಂಗ. ದಿನವೂ ಗಂಗಾಂಬಿಕಾ ಕರಡಿಗೆ ಬಿಚ್ಚಿ ಲಿಂಗವನ್ನು ಅಂಗೈ ಮೇಲೆ ಇಡುತ್ತಿದ್ದಳು. ಹೆಂಡತಿ ಎಂದು ಅವಳಿಗೆ ಅಷ್ಟು ಸಲಿಗೆ. ಒಬ್ಬರ ಲಿಂಗವನ್ನು ಹೊರಗಿನವರು ಮುಟ್ಟುವಂತಿಲ್ಲ.

"ಮುಟ್ಟಬ್ಯಾಡ" ಎಂದ ಗಿರಿಮಲ್ಲಪ್ಪ.

"ನಾ ಎಲ್ಲಿ ಮುಟ್ಟಾಕ ಬಂದೇನ್ರಿ?"

ಆತ ಎಡಗೈ ಎತ್ತಿದ. ಕರಡಿಗೆಯನ್ನು ಗದ್ದಕ್ಕೂ ಎದೆಗೂ ನಡುವೆ ಅವುಚಿಕೊಂಡು ಬೆರಳಿನಿಂದ ಮುಚ್ಚಳ ತಿರುವಿದ. ಜಾರಿತು. ಮತ್ತೆ ತಿರುವಿದ. ಹಣೆಯಲ್ಲಿ ಬೆವರು ಬಂತು. ಮುಚ್ಚಳ ಬಿಟ್ಟುಕೊಂಡಿತು. ಅರಿವೆ ಸುತ್ತಿದ ಲಿಂಗ ಅಂಗೈಗೆ ಉರುಳಿತು. ಅರಿವೆಯ ತುದಿಯನ್ನು ಹಲ್ಲಿನಲ್ಲಿ ಹಿಡಿದು ಎಳೆದ. ಲಿಂಗ ಅಂಗೈಯ ಅಂಚಿಗೆ ಬಂತು.

ಲಿಂಗ ನೆಲಕ್ಕೆ ಬಿದ್ದರೆ ಅಂಥವರಿಗೆ ಅದಕ್ಕಿಂತ ದೊಡ್ಡ ಕೇಡಿಲ್ಲ. ತಾರವ್ವ ಮುಟ್ಟಲಿಲ್ಲ. ಸೆರಗನ್ನು ಎರಡೂ ಕೈಯಲ್ಲಿ ಹಿಡಿದು ಆತನ ಕೈಯ ಕೆಳಗೆ ಉಡಿಯಂತೆ ಒಡ್ಡಿ ಮೊಣಕಾಲೂರಿ ಕೂತಳು. ಕೂತೇ ಇದ್ದಳು. ಬೆರಳುಗಳು ಒಂದೊಂದಾಗಿ ಮಡಚಿದವು. ಲಿಂಗ ಅಂಗೈ ನಡುವೆ ನಿಂತಿತು.

ಹೂ ಏರಿಸಲು ಬಲಗೈ ಬೇಕು. ತಾರವ್ವ ಆ ಬಿದ್ದ ಕೈಯನ್ನು ಮಣಿಕಟ್ಟಿನಲ್ಲಿ ಹಿಡಿದು ಎತ್ತಿದಳು. ಬೆರಳ ಸಂದಿಯಲ್ಲಿ ಕಣಗಿಲೆ ಹೂ ಸಿಕ್ಕಿಸಿ ಲಿಂಗದ ಮೇಲೆ ತಂದಳು. ಹೂ ಉದುರಿತು. ಆತ ಕಣ್ಣು ಮುಚ್ಚಿದ.

ಲಿಂಗವನ್ನು ಮತ್ತೆ ಕರಡಿಗೆಗೆ ಸೇರಿಸುವಷ್ಟರಲ್ಲಿ ಬಿಸಿಲು ಕೋಣೆಯೊಳಗೆ ಬಂದಿತ್ತು. ತಾರವ್ವ ಮೊಣಕಾಲು ಹಿಡಿದುಕೊಂಡು ಎದ್ದಳು.

"ಸಾವಕಾರ್ರ, ಲಿಂಗ ಯಾವ ಕೈಯಾಗ ಕುಂತಿತ್ತು?"

"ಎಡಗೈಯಾಗ."

"ದೀಕ್ಷಾ ಆದಾಗಿಂದ ಅದರಾಗ ಹಿಡದೀರಿ?"

"ಹೂಂ. ಮತ್ತ?"

"ಲಿಂಗಕ್ಕ ನಡದದ್ದು ರೊಟ್ಟಿಗೆ ನಡ್ಯಾಂಗಿಲ್ಲೇನ್ರಿ? ರೊಟ್ಟಿ ಲಿಂಗಕ್ಕಿಂತ ದೊಡ್ಡದೇನು?"

ಗಿರಿಮಲ್ಲಪ್ಪ ಒಂದು ಸ್ವಚ್ಛ ಬೈಗುಳ ಬೈದ. "ನನಗ ಧರ್ಮಾ ಹೇಳಾಕಿ ನೀ ಯಾವಾಕಿ?"

"ಧರ್ಮಾ ನನಗೆಲ್ಲಿ ಗೊತ್ತೈತ್ರಿ. ನನ್ನ ಗಂಡಗ ಎರಡೂ ಕೈ ಬಿದ್ದಿದ್ದೂ. ಒಂದ ಎಡಗೈ ಉಳದಿದ್ರ..."

ಬಕೆಟ್ಟಿನತ್ತ ಬಾಗಿದಳು.

"ಉಳದಿದ್ರ?"

"ಏನಿಲ್ರಿ. ನನಗ ಕೆಲಸ ಅದಾವು."

ಬಕೆಟ್ಟು ಎತ್ತಿಕೊಂಡು ಹೋದಳು.

ಮಧ್ಯಾಹ್ನ ಪಡಸಾಲೆಯಲ್ಲಿ ತಾಟು ಹಾಕುವಾಗ ಕಾಶಪ್ಪ ಮೊದಲು ನೋಡಿದ. "ಏ, ದಾರಿ ಬಿಡ್ರಿ, ದಾರಿ ಬಿಡ್ರಿ. ಸಾವಳಗಿ ಸವಾರಿ ಬಂತು!"

ಗಿರಿಮಲ್ಲಪ್ಪ ಎಡಗೈಯಲ್ಲಿ ಗಾಲಿ ತಿರುವುತ್ತ, ಎಡಗಾಲಿನಿಂದ ನೆಲ ಒದೆಯುತ್ತ ಬಂದ. ಕುರ್ಚಿ ಒಂದೇ ಕಡೆ ತಿರುಗಿ ಗೋಡೆಗೆ ಬಡಿಯಿತು. ತಾರವ್ವ ಹೋಗಿ ನೆಟ್ಟಗೆ ಮಾಡಿದಳು. ಕಾಶಪ್ಪನ ಮಗ್ಗುಲಿಗೆ ನಿಲ್ಲಿಸಿ ಮುಂದೆ ಹಲಗೆ ಇಟ್ಟಳು. ತಾಟು ಇಟ್ಟಳು. ರೊಟ್ಟಿ ಮುರಿದು ಬೇಳೆ ಸುರಿದಳು, ಪಕ್ಕಕ್ಕೆ ಪಲ್ಲೆ ಹಾಕಿದಳು. ಅಷ್ಟೇ ಮಾಡಿ ಹಿಂದೆ ಸರಿದಳು. ಗೋಡೆ ಸಿಕ್ಕಿತು, ಅದಕ್ಕೆ ಬೆನ್ನು ಕೊಟ್ಟು ನಿಂತಳು.

ಆತ ತಾಟು ನೋಡಿದ. ಯಾರೂ ತನ್ನನ್ನು ನೋಡುತ್ತಿಲ್ಲ ಎಂದು ನೋಡಿಕೊಂಡ. ಎಲ್ಲರೂ ನೋಡುತ್ತಿದ್ದರು. ಎಡಗೈ ತಾಟಿಗೆ ಇಳಿಯಿತು. ಮೊದಲ ತುತ್ತು ಮೂಗಿಗೆ ಬಡಿಯಿತು. ಎರಡನೆಯದು ಧೋತರದ ಮೇಲೆ ಬಿತ್ತು. ಮುಂದಿನದು ಬಾಯಿಗೆ ಹೋಯಿತು. ಅರ್ಧ ಗದ್ದದ ಮೇಲೆ ಇಳಿಯಿತು. ಆತ ಜಗಿದ. ಮತ್ತೆ ಕೈ ಇಳಿಸಿದ.

ಉಳಿದವರ ಊಟ ಮುಗಿಯಿತು. ಯಾರೂ ಏಳುವಂತಿಲ್ಲ. ಕೈ ಒಣಗಿಸಿಕೊಂಡು ಕೂತರು. ವೈಶಾಲಿ ಡಾಕ್ಟರು ಕೂಡ ಖಾಲಿ ತಾಟಿನ ಮುಂದೆ ಕೂತರು.

"ಸಾವಕಾರ್ರ, ಲಗೂನ ಮುಗಸ್ರಿ. ಕುಂತು ಕುಂತು ನನ್ನ ಕಾಲ ಜೋಮ ಹಿಡದಾವು" ಎಂದ ಕಾಶಪ್ಪ.

ಗಿರಿಮಲ್ಲಪ್ಪ ತುತ್ತು ನುಂಗಿದ. "ಜೋಮ ಹಿಡಿಯಾಕ... ನಿನಗ ಕಾಲ ಎಲ್ಲಿ ಅದಾವಲೇ?"

ಪಡಸಾಲೆ ನಕ್ಕಿತು. ಎಲ್ಲರಿಗಿಂತ ಹೆಚ್ಚು ನಕ್ಕವನು ಕಾಶಪ್ಪ. ಕುರ್ಚಿಯ ತೋಳು ಬಡಿದು ಬಡಿದು ನಕ್ಕ.

ನಗು ನಿಲ್ಲುವ ಮೊದಲೇ ತಾರವ್ವನ ಸೊಂಟದಲ್ಲಿದ್ದ ಫೋನು ಕೂಗಿತು. ಗಂಗಾಂಬಿಕಾ.

"ಹೆಣ್ಣ ಕೂಸ ಆಗೇತಿ ಯಕ್ಕಾ. ಇಬ್ಬರೂ ಆರಾಮ ಅದಾರ. ನಾ ಬಸ್ ಸ್ಟ್ಯಾಂಡಿಗೆ ಹೊಂಟೇನಿ. ಅವರು ಏನರ ಉಂಡ್ರೇನು?"

"ಬರಬ್ಯಾಡ."

"ಅಂದ್ರ? ನೀ ಉಣಿಸಿದಿ?"

"ಇಲ್ಲ."

"ಮತ್ತ ಯಾರು?"

ತಾರವ್ವ ಹೋಗಿ ಫೋನನ್ನು ಗಿರಿಮಲ್ಲಪ್ಪನ ಕಿವಿಗೆ ಹಿಡಿದಳು. ಆತನ ಎಡಗೈ ತಾಟಿನಲ್ಲಿತ್ತು, ಬಾಯಿ ತುಂಬಿತ್ತು. ಆಚೆಯಿಂದ ಗಂಗಾಂಬಿಕಾ ಮೊಮ್ಮಗಳ ಸುದ್ದಿ ಹೇಳಿದ್ದು ತಾರವ್ವನಿಗೂ ಕೇಳಿಸಿತು. ಆತನ ಕಣ್ಣು ತೇವವಾದವು. ತುತ್ತು ನುಂಗಿ ಹೇಳಿದ.

"ಅಲ್ಲೇ ಇರು. ಉಣ್ಣಾಕತ್ತೇನಿ. ಪಲ್ಲೆಕ ಉಪ್ಪಿಲ್ಲ."

ಆಚೆ ಕಡೆಯಿಂದ ಅಳುವ ಸದ್ದು ಬಂತು. ತಾರವ್ವ ಫೋನು ಬಂದ್ ಮಾಡಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಬಿದ್ದ ಮೇಲೆ ಶಿವಯೋಗೆಪ್ಪ ಒಂದು ದಿನವೂ ಉಪ್ಪಿಲ್ಲ ಎನ್ನಲಿಲ್ಲ. ಖಾರ ಆತು ಎನ್ನಲಿಲ್ಲ. ಇಟ್ಟದ್ದನ್ನು ನುಂಗಿದ. ಅದಕ್ಕೆ ಮೊದಲು, ಹೊಲದಿಂದ ಬಂದು ಉಪ್ಪು ಕಡಿಮೆಯಾದರೆ ತಾಟು ದೂಡುತ್ತಿದ್ದ ಗಂಡಸು.

ಕೊನೆಯ ತಾಟು ಖಾಲಿಯಾಯಿತು. ಎಲ್ಲರೂ ಎದ್ದರು. ಏಳಲಾಗದವರನ್ನು ಎಬ್ಬಿಸಿದರು. ತಾರವ್ವ ಗಿರಿಮಲ್ಲಪ್ಪನ ಗದ್ದ ಒರೆಸಿದಳು, ಧೋತರ ಬದಲಿಸಿದಳು, ಮಂಚಕ್ಕೆ ಹಾಕಿದಳು. ತಿರುಗಿ ಬಂದು ನೆಲದ ಮೇಲೆ ಬಿದ್ದ ಅಗುಳು, ಬೇಳೆ, ರೊಟ್ಟಿಯ ಚೂರು ಬಳಿದಳು. ಸೊಂಟ ಹಿಡಿದುಕೊಂಡಿತ್ತು. ಹೊತ್ತು ಇಳಿಯುತ್ತಿತ್ತು.

ಆಮೇಲೆ ತನ್ನ ತಾಟು ಹಾಕಿಕೊಂಡು ಪಡಸಾಲೆಯ ಮೂಲೆಯಲ್ಲಿ ಕೂತಳು. ರೊಟ್ಟಿ ತಣ್ಣಗಾಗಿತ್ತು. ಮುರಿದು, ಪಲ್ಲೆ ಹಚ್ಚಿ, ಬಾಯಿಗೆ ಇಟ್ಟುಕೊಂಡಳು.

ಉಪ್ಪು ಖರೆಯೇ ಇರಲಿಲ್ಲ. ಎದ್ದು ಹೋಗಿ ತಂದುಕೊಂಡಳು.